ಒಡಲಾದ ಲೋಕ, ಒಡೆಯನಿಲ್ಲದ ಲೋಕ

ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಬೇಲೂರು, ಶ್ರವಣಬೆಳಗೊಳ, ಶೃಂಗೇರಿ ಎಂಬ ಹೆಸರುಗಳು ತೀರಾ ಬಳಕೆಯವು. ನೆಂಟರು ಬಂದರೆ ಕರೆದುಕೊಂಡು ಹೋಗಿ ತೋರಿಸುವ ಜಾಗಗಳು, ಹರಕೆ ತೀರಿಸುವ ಜಾಗಗಳು, ಶಾಲೆಯ ಪ್ರವಾಸದಲ್ಲಿ ಸಾಲಾಗಿ ನಿಂತು ನೋಡಿದ ಜಾಗಗಳು. ಆದರೆ ಈ ಮೂರು ಊರುಗಳು ಒಂದೇ ಪ್ರಶ್ನೆಗೆ, ಅಂದರೆ ಕಣ್ಣೆದುರಿಗಿರುವ ಈ ವಿಶ್ವ ಏನು, ಇದಕ್ಕೂ ನನಗೂ ಏನು ಸಂಬಂಧ ಎಂಬ ಪ್ರಶ್ನೆಗೆ, ಒಂದಕ್ಕೊಂದು ಕೂಡಿಬರದ ಮೂರು ಉತ್ತರಗಳನ್ನು ನೂರಾರು ವರ್ಷಗಳಿಂದ ಹೇಳುತ್ತ ನಿಂತಿವೆ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು. ಜಗತ್ತು ದೇವರ ಶರೀರ ಎನ್ನುತ್ತದೆ ಒಂದು. ಜಗತ್ತನ್ನು ಯಾರೂ ಮಾಡಿಲ್ಲ, ಅದಕ್ಕೆ ಒಡೆಯನೇ ಇಲ್ಲ ಎನ್ನುತ್ತದೆ ಇನ್ನೊಂದು. ಜಗತ್ತು ಕಾಣುವ ಹಾಗೆ ಇಲ್ಲ, ಅದರ ಹಿಂದಿರುವುದು ಬೇರೆ, ಆ ಬೇರೆಯದು ನೀನೇ ಎನ್ನುತ್ತದೆ ಮತ್ತೊಂದು. ಹೀಗೆ ಮೂಲದಲ್ಲೇ ಜಗಳವಾಡುವ ಮೂರು ದರ್ಶನಗಳೂ ವಿಶ್ವವನ್ನು ಪವಿತ್ರವಾಗಿ ಕಂಡದ್ದು ಹೇಗೆ ಎಂಬುದೇ ಈ ಬರಹದ ವಿಚಾರ.

ಬೇಲೂರಿನಿಂದ ಆರಂಭಿಸುತ್ತೇನೆ. ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಅವನಿಗೂ ರಾಮಾನುಜಾಚಾರ್ಯರಿಗೂ ಇದ್ದ ನಂಟನ್ನು ಪರಂಪರೆ ಬಹಳ ವಿಸ್ತಾರವಾಗಿ ಹೇಳುತ್ತದೆ. ಆ ಕಥೆಯ ವಿವರಗಳು ಹೇಗೇ ಇರಲಿ, ಈ ಗುಡಿಯ ಮುಂದೆ ನಿಂತಾಗ ರಾಮಾನುಜರ ಮುಖ್ಯವಾದ ವಿಚಾರ ನೆನಪಾಗದೆ ಇರುವುದಿಲ್ಲ. ಚಿತ್ತೂ ಅಚಿತ್ತೂ, ಅಂದರೆ ಅರಿವುಳ್ಳದ್ದೂ ಜಡವಾದದ್ದೂ, ಸೇರಿದ ಈ ಇಡೀ ಪ್ರಪಂಚ ಪರಮಾತ್ಮನ ಶರೀರ ಎಂಬುದು ಆ ವಿಚಾರ. ಅದಕ್ಕೆ ಅವರು ಮುಖ್ಯ ಆಧಾರವಾಗಿ ಹಿಡಿದದ್ದು ಬೃಹದಾರಣ್ಯಕ ಉಪನಿಷತ್ತಿನ ಅಂತರ್ಯಾಮಿ ಬ್ರಾಹ್ಮಣವನ್ನು. ಉದ್ದಾಲಕ ಆರುಣಿ ಕೇಳಿದ ಪ್ರಶ್ನೆಗೆ ಯಾಜ್ಞವಲ್ಕ್ಯ ಅಲ್ಲಿ ಉತ್ತರ ಹೇಳುತ್ತಾನೆ: ಯಾವನು ಭೂಮಿಯೊಳಗೆ ಇದ್ದಾನೋ, ಯಾವನನ್ನು ಭೂಮಿ ಅರಿಯದೋ, ಯಾವನಿಗೆ ಭೂಮಿಯೇ ಶರೀರವೋ, ಅವನೇ ನಿನ್ನ ಅಂತರ್ಯಾಮಿ. ಇದೇ ಮಾತು ನೀರಿಗೆ, ಬೆಂಕಿಗೆ, ಗಾಳಿಗೆ, ಸೂರ್ಯನಿಗೆ, ದಿಕ್ಕುಗಳಿಗೆ, ಚಂದ್ರ ಮತ್ತು ನಕ್ಷತ್ರಗಳಿಗೆ, ಕತ್ತಲೆಗೆ, ಬೆಳಕಿಗೆ ಒಂದೊಂದಾಗಿ ಅನ್ವಯಿಸುತ್ತ ಹೋಗುತ್ತದೆ. ಆ ಪಟ್ಟಿಯನ್ನು ಗಟ್ಟಿಯಾಗಿ ಓದಿಕೊಂಡವರಿಗೆ ಗೊತ್ತು, ಅಲ್ಲಿ ವಾದಕ್ಕಿಂತ ಹೆಚ್ಚಾಗಿ ಇರುವುದು ಬಿಡದ ಪಟ್ಟು. ಯಾವ ಒಂದನ್ನೂ ಹೊರಗಿಡಬಾರದೆಂಬ ಹಟ. ಕತ್ತಲೆಯನ್ನೂ ಬಿಡದೆ ಅವನ ಮೈಯೆಂದು ಹೇಳಿದ ಮೇಲೆ ಹೊರಗೆ ಉಳಿಯುವುದು ಏನೂ ಇಲ್ಲ.

ಬೇಲೂರಿನ ಗುಡಿ ನಿಂತಿರುವ ಜಗತಿ ಗುಡಿಯ ಆಕಾರವನ್ನೇ ಅನುಸರಿಸಿ ಕೋನಕೋನವಾಗಿ ಮುರಿದುಕೊಂಡು ಸಾಗುತ್ತದೆ. ಗರ್ಭಗುಡಿಯನ್ನು ಒಳಗಿನಿಂದ ಸುತ್ತಲು ದಾರಿಯಿಲ್ಲ, ಪ್ರದಕ್ಷಿಣೆ ಏನಿದ್ದರೂ ಈ ಜಗತಿಯ ಮೇಲೆ, ಬಿಸಿಲು ಮಳೆಯಲ್ಲಿ. ಹಾಗೆ ಸುತ್ತುವಾಗ ಗೋಡೆ ಎಲ್ಲಿಯೂ ಚಪ್ಪಟೆಯಾಗಿ ಸಿಗುವುದಿಲ್ಲ. ಒಂದು ಮೂಲೆ ಬೆಳಕಿನಲ್ಲಿದ್ದರೆ ಪಕ್ಕದ್ದು ನೆರಳಿನಲ್ಲಿ, ಬೆಳಿಗ್ಗೆ ಕಾಣದ ಮುಖ ಸಂಜೆಗೆ ಕಾಣುತ್ತದೆ. ಒಳಗೆ ನವರಂಗದ ನಡುವೆ ನಿಂತು ಕತ್ತೆತ್ತಿದರೆ ಭುವನೇಶ್ವರಿ. ದುಂಡಗೆ ಮೇಲೇರಿ ಮತ್ತೆ ನಡುವಿನಿಂದ ಕೆಳಮುಖವಾಗಿ ಇಳಿದ ಕಮಲದ ಮೊಗ್ಗು, ಸುತ್ತಲೂ ಸಾಲುಸಾಲು ಕೆತ್ತನೆ. ಬಳಪದ ಕಲ್ಲು ಇಷ್ಟು ಸೂಕ್ಷ್ಮಕ್ಕೆ ಒಗ್ಗುತ್ತದೆ ಎಂಬುದು ಶಿಲ್ಪಶಾಸ್ತ್ರದ ಮಾತಾಯಿತು. ನನಗೆ ಮುಖ್ಯವೆನಿಸುವುದು ಬೇರೆ: ಈ ಗುಡಿಯಲ್ಲಿ ದೇವರ ಸುತ್ತ ಆನೆಯಿದೆ, ಕುದುರೆಯಿದೆ, ಗಿಳಿಯಿದೆ, ಬೇಟೆಗೆ ಹೊರಟವಳಿದ್ದಾಳೆ, ಕನ್ನಡಿ ಹಿಡಿದವಳಿದ್ದಾಳೆ, ಡೋಲು ಬಡಿಯುವವನಿದ್ದಾನೆ. ಇವುಗಳಲ್ಲಿ ಯಾವುದೂ ದೇವರ ದಾರಿಗೆ ಅಡ್ಡಿಯೆಂದು ಯಾರಿಗೂ ಅನ್ನಿಸಿಲ್ಲ. ಲೋಕವೇ ಅವನ ಮೈಯಾದ ಮೇಲೆ ಲೋಕವನ್ನು ಹೊಸ್ತಿಲಾಚೆ ಬಿಟ್ಟು ಬರಬೇಕಾದ ಅಗತ್ಯವಾದರೂ ಏನು? ಶಿಖರ ಈಗ ಇಲ್ಲ, ಆದರೂ ಈ ಗುಡಿ ಪೂರ್ಣವಾಗಿಯೇ ಕಾಣುತ್ತದೆ.

ಇದೇ ಭಾವ ಶಾಸ್ತ್ರದ ಸೋಂಕಿಲ್ಲದೆಯೂ ನಮ್ಮಲ್ಲಿ ಬದುಕಿದೆ. ಮಲೆನಾಡಿನ ಕಡೆ ಶೀಗೆ ಹುಣ್ಣಿಮೆಯ ದಿನ ಭೂಮಿ ಹುಣ್ಣಿಮೆ ಮಾಡುತ್ತಾರೆ. ಭತ್ತ ಆಗ ಹೊಡೆ ತುಂಬಿ ನಿಂತಿರುತ್ತದೆ. ರಾತ್ರಿಯಿಡೀ ಅಡುಗೆ ಮಾಡಿ, ನಸುಕಿನಲ್ಲಿ ಗದ್ದೆಗೆ ಹೋಗಿ, ಭೂಮಿತಾಯಿಗೆ ಉಣ್ಣಲು ಬಾ ಎಂದು ಕರೆದು ಎಡೆ ಬೀರುತ್ತಾರೆ. ಇದೆಲ್ಲ ಏಕೆ ಎಂದು ಪರಿಚಯದ ಹಿರಿಯರೊಬ್ಬರನ್ನು ಒಮ್ಮೆ ಕೇಳಿದ್ದೆ. ‘ಬಸುರಿ ಕಣಪ್ಪ ಈಗ ಅವಳು. ಮನೆ ಹೆಣ್ಣುಮಗಳಾದ್ರೆ ಬಯಕೆ ತೀರಿಸದೆ ಬಿಡ್ತೀವಾ?’ ಎಂದರು. ಅವರ ದನಿಯಲ್ಲಿ ಹೋಲಿಕೆ ಕೊಡುತ್ತಿದ್ದೇನೆ ಎಂಬ ಭಾವವಿರಲಿಲ್ಲ. ಇದ್ದ ಸಂಗತಿಯನ್ನು ಇದ್ದ ಹಾಗೆ ಹೇಳುತ್ತಿದ್ದರು.

ಇನ್ನು ಶ್ರವಣಬೆಳಗೊಳ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಪವಿತ್ರ ಎಂದೊಡನೆ ದೇವರು ಎಂದು ಮುಂದುವರಿಯುವ ನಮ್ಮ ಅಭ್ಯಾಸವನ್ನು ಇಷ್ಟು ದೃಢವಾಗಿ ತಡೆದು ನಿಲ್ಲಿಸುವ ಜಾಗ ಕನ್ನಡ ನಾಡಿನಲ್ಲಿ ಮತ್ತೊಂದಿಲ್ಲ.

ಜೈನ ದರ್ಶನದ ಪ್ರಕಾರ ಲೋಕಕ್ಕೆ ಆದಿಯಿಲ್ಲ, ಅಂತ್ಯವಿಲ್ಲ, ಕರ್ತನೂ ಇಲ್ಲ. ಜೀವ, ಪುದ್ಗಲ, ಧರ್ಮ, ಅಧರ್ಮ, ಆಕಾಶ, ಕಾಲ ಎಂಬ ಆರು ದ್ರವ್ಯಗಳು ಎಂದಿನಿಂದಲೂ ಇವೆ, ತಮ್ಮ ತಮ್ಮ ಸ್ವಭಾವಕ್ಕೆ ತಕ್ಕಂತೆ ನಡೆಯುತ್ತವೆ. ಪುದ್ಗಲ ಎಂದರೆ ಜಡವಸ್ತು. ಇಲ್ಲಿ ಧರ್ಮ ಎಂದರೆ ಪುಣ್ಯಕಾರ್ಯವಲ್ಲ, ಚಲನೆಗೆ ಆಸರೆಯಾಗುವ ದ್ರವ್ಯ. ಅಧರ್ಮ ಎಂದರೆ ನಿಲುಗಡೆಗೆ ಆಸರೆಯಾಗುವುದು. ಲೋಕದ ಆಚೆಗೂ ಆಕಾಶವಿದೆ, ಆದರೆ ಅಲ್ಲಿ ಧರ್ಮದ್ರವ್ಯವಿಲ್ಲದ ಕಾರಣ ಏನೂ ಅತ್ತ ಚಲಿಸಲಾರದು. ಆದ್ದರಿಂದಲೇ ಕರ್ಮ ಕಳೆದುಕೊಂಡ ಜೀವ ಮೇಲೇರಿ ಏರಿ ಲೋಕದ ತುದಿಯಲ್ಲಿ, ಸಿದ್ಧರ ನೆಲೆಯಲ್ಲಿ, ನಿಲ್ಲುತ್ತದೆ. ಎಷ್ಟು ಶಾಂತವಾದ, ಎಷ್ಟು ಕಟ್ಟುನಿಟ್ಟಾದ ವಿವರಣೆ! ಮೋಕ್ಷದಂಥ ವಿಚಾರಕ್ಕೂ ಅನುಗ್ರಹದ ಮಾತಿಲ್ಲ, ಚಲನೆಯ ನಿಯಮವಿದೆ.

ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನೆಂದು ನಾವು ಕರೆಯುವ ಅಮೋಘವರ್ಷನ ಕಾಲದಲ್ಲಿ ಇದ್ದ ಜಿನಸೇನಾಚಾರ್ಯರು ಸೃಷ್ಟಿಕರ್ತನ ವಾದವನ್ನು ತಮ್ಮ ಮಹಾಪುರಾಣದಲ್ಲಿ ನೇರವಾಗಿ ಎದುರಿಸಿದ್ದಾರೆ. ದೇವರು ಲೋಕವನ್ನು ಸೃಷ್ಟಿಸಿದನೆಂದರೆ ಸೃಷ್ಟಿಗೆ ಮೊದಲು ಅವನು ಎಲ್ಲಿದ್ದ? ಸಾಮಗ್ರಿಯಿಲ್ಲದೆ ಹೇಗೆ ಮಾಡಿದ? ಮೊದಲು ಸಾಮಗ್ರಿ ಮಾಡಿ ಆಮೇಲೆ ಲೋಕ ಮಾಡಿದನೆಂದರೆ ಆ ಪ್ರಶ್ನೆಗೆ ಕೊನೆಯಿಲ್ಲ. ಅವನು ಪರಿಪೂರ್ಣನಾಗಿದ್ದರೆ ಸೃಷ್ಟಿಸಬೇಕೆಂಬ ಇಚ್ಛೆ ಅವನಿಗೆ ಬಂದದ್ದು ಏಕೆ? ಪರಿಪೂರ್ಣನಲ್ಲದಿದ್ದರೆ ಕುಂಬಾರನಿಗಿಂತ ಹೆಚ್ಚಾಗಿ ಅವನಿಂದ ಲೋಕ ಮಾಡುವುದು ಸಾಧ್ಯವಾದದ್ದು ಹೇಗೆ? ಈ ಪ್ರಶ್ನೆಗಳನ್ನು ಇಂದು ಯಾರಾದರೂ ಕೇಳಿದರೆ ಪರದೇಶದ ನಾಸ್ತಿಕರ ಮಾತು ಎನ್ನುವವರಿದ್ದಾರೆ. ಪಂಪ 941ರಲ್ಲಿ ಕನ್ನಡದ ಆದಿಪುರಾಣ ರಚಿಸುವಾಗ ಮುಂದಿಟ್ಟುಕೊಂಡದ್ದು ಇದೇ ಜಿನಸೇನರ ಗ್ರಂಥವನ್ನು. ಕರ್ತನಿಲ್ಲದ ವಿಶ್ವದ ವಿಚಾರ ನಮ್ಮ ಸಾಹಿತ್ಯದ ಬುಡದಲ್ಲೇ ಇದೆ.

ಕರ್ತನಿಲ್ಲ ಎಂದವರು ಲೋಕವನ್ನು ಹಗುರವಾಗಿ ಕಂಡರೆ? ಇಲ್ಲ. ಗೊಮ್ಮಟನನ್ನು ಕೆತ್ತಿಸಿದ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ತ್ರಿಲೋಕಸಾರವೆಂಬ ಗ್ರಂಥ ಬರೆದು ಮೂರು ಲೋಕಗಳನ್ನೂ ಅಳೆದಿಟ್ಟರು. ರಜ್ಜು ಎಂಬ ಜೈನರ ಅಳತೆಯಲ್ಲಿ ಲೋಕದ ಎತ್ತರ 14 ರಜ್ಜು, ಘನಫಲ 343 ಘನರಜ್ಜು. ಆಕಾರ ಸೊಂಟದ ಮೇಲೆ ಕೈಯಿಟ್ಟು ಕಾಲಗಲಿಸಿ ನಿಂತ ಮನುಷ್ಯನದು. ಈ ಅಳತೆಗಳು ಖಗೋಳವಿಜ್ಞಾನಕ್ಕೆ ಸರಿಹೊಂದುತ್ತವೆಯೇ ಎಂದು ಕೇಳುವುದು ವ್ಯರ್ಥ, ಹೊಂದುವುದಿಲ್ಲ. ಆದರೆ ಯಾವ ದೇವರನ್ನೂ ಮೆಚ್ಚಿಸಬೇಕಾಗಿಲ್ಲದ ಒಂದು ಪರಂಪರೆ ಲೋಕವನ್ನು ಇಷ್ಟು ಶ್ರದ್ಧೆಯಿಂದ ಲೆಕ್ಕ ಹಾಕಿದ್ದು ಏಕೆ ಎಂದು ಕೇಳಬೇಕು. ನನಗೆ ತೋಚುವ ಉತ್ತರ, ಆ ಲೆಕ್ಕದ ತುಂಬ ಜೀವಗಳಿವೆ ಎಂಬುದು. ಮಣ್ಣೇ ಮೈಯಾದ ಜೀವ, ನೀರೇ ಮೈಯಾದ ಜೀವ, ಬೆಂಕಿ ಮೈಯಾದದ್ದು, ಗಾಳಿ ಮೈಯಾದದ್ದು, ಸಸ್ಯವಾದದ್ದು. ಲೋಕದಲ್ಲಿ ಜೀವವಿಲ್ಲದ ಮೂಲೆಯೇ ಇಲ್ಲವೆಂದ ಮೇಲೆ ಹೆಜ್ಜೆ ಇಡುವುದು, ದೀಪ ಹಚ್ಚುವುದು, ನೀರು ಮೊಗೆಯುವುದು ಎಲ್ಲವೂ ಎಚ್ಚರದ ಕೆಲಸವಾಗುತ್ತದೆ. ದೇವರ ಲೋಕವಾಗಿದ್ದರೆ ತಪ್ಪು ಮಾಡಿ ದೇವರಲ್ಲಿ ಕ್ಷಮೆ ಕೇಳಬಹುದು. ಒಡೆಯನಿಲ್ಲದ ಲೋಕದಲ್ಲಿ ನೊಂದ ಜೀವದ ಬದಲಿಗೆ ಕ್ಷಮಿಸುವ ಮೂರನೆಯವರು ಇಲ್ಲ. ಅಹಿಂಸೆ ಈ ಲೋಕಸ್ವರೂಪದಿಂದಲೇ ಹುಟ್ಟಿದ್ದು, ಮೇಲಿನಿಂದ ಬಂದ ಆಜ್ಞೆಯಲ್ಲ.

ವಿಂಧ್ಯಗಿರಿಯ ಮೆಟ್ಟಿಲು ಹತ್ತಿ ಒಳಗಿನ ಅಂಗಳಕ್ಕೆ ಬಂದರೆ, ಬೆಟ್ಟದ ಬಂಡೆಯನ್ನೇ ಕಡೆದು ಮಾಡಿದ ಸುಮಾರು 58 ಅಡಿಯ ಬಾಹುಬಲಿ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ. ಎಲ್ಲರೂ ಮುಖವನ್ನು ನೋಡುತ್ತಾರೆ, ನೋಡಬೇಕಾದದ್ದೇ. ಆದರೆ ಬಳ್ಳಿಯನ್ನೂ ನೋಡಬೇಕು. ಕಾಲಿನ ಬಳಿಯ ಹುತ್ತದಿಂದ ಹಾವುಗಳು ತಲೆ ಹೊರಹಾಕಿವೆ. ಬಳ್ಳಿ ತೊಡೆಯನ್ನು ಸುತ್ತಿ, ತೋಳನ್ನು ಸುತ್ತಿ ಮೇಲೇರಿದೆ. ಎಲೆಗಳು ಮೈಗೆ ಒತ್ತಿಕೊಳ್ಳದೆ ಬಿಡಿಬಿಡಿಯಾಗಿ ಹರಡಿವೆ. ಅವನು ಬಳ್ಳಿಯನ್ನು ಕಿತ್ತಿಲ್ಲ, ಹಾವನ್ನು ಓಡಿಸಿಲ್ಲ. ಅಣ್ಣನಾದ ಭರತನನ್ನು ಗೆದ್ದು, ಗೆದ್ದ ಭೂಮಿಯನ್ನು ಬಿಟ್ಟುಕೊಟ್ಟವನ ಮೈಯನ್ನು ಆ ಭೂಮಿಯೇ ಬಂದು ಆವರಿಸಿದೆ. ಮೇಲೆ ಚಾವಣಿ ಇಲ್ಲ. ಬೇಲೂರಿನಲ್ಲಿ ಆಕಾಶವನ್ನು ಕಲ್ಲಿನಲ್ಲಿ ಕಡೆದು ತಲೆಯ ಮೇಲೆ ಇಟ್ಟರು, ಇಲ್ಲಿ ಇರುವ ಆಕಾಶವನ್ನೇ ಬಿಟ್ಟರು. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕದಲ್ಲಿ, ಹಿಂದಿನದು 2018ರಲ್ಲಿ ನಡೆಯಿತು, ಹಾಲು, ಅರಿಸಿನ, ಕಬ್ಬಿನ ಹಾಲು, ಚಂದನ ಸುರಿದಾಗ ನೋಡುವವರ ಕಣ್ಣು ತುಂಬುತ್ತದೆ. ಆದರೆ ಗೊಮ್ಮಟ ಏನನ್ನೂ ಕೊಡುವುದಿಲ್ಲ ಎಂದು ಜೈನ ಶಾಸ್ತ್ರವೇ ಹೇಳುತ್ತದೆ. ಕೊಡುವ ಶಕ್ತಿಯಿಲ್ಲದೆಯೂ ಪೂಜ್ಯನಾಗಿರುವುದು, ಕೇಳಲು ಏನೂ ಇಲ್ಲದೆಯೂ ಜನ ಕೈ ಮುಗಿಯುವುದು, ನನ್ನ ದೃಷ್ಟಿಯಲ್ಲಿ ಧರ್ಮದ ಇತಿಹಾಸದ ಅತಿ ಎತ್ತರದ ಸಾಧನೆಗಳಲ್ಲಿ ಒಂದು.

ಶೃಂಗೇರಿಯ ವಿಚಾರ ಮೇಲುನೋಟಕ್ಕೆ ಇವೆರಡಕ್ಕಿಂತ ಕಷ್ಟ. ಜಗತ್ತು ಮಿಥ್ಯೆ ಎಂದು ಹೇಳುವ ಪರಂಪರೆಗೆ ಜಗತ್ತಿನ ಪಾವಿತ್ರ್ಯದ ಪ್ರಶ್ನೆಯೇ ಬರುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ಶಂಕರರ ಪರಮಗುರುಗಳಾದ ಗೌಡಪಾದರು ತಮ್ಮ ಕಾರಿಕೆಯಲ್ಲಿ, ಮಣ್ಣು, ಲೋಹ, ಕಿಡಿ ಮುಂತಾದ ದೃಷ್ಟಾಂತಗಳಿಂದ ಉಪನಿಷತ್ತುಗಳು ಸೃಷ್ಟಿಯನ್ನು ವರ್ಣಿಸುವುದೆಲ್ಲ ಅರಿವಿನೊಳಗೆ ಇಳಿಯಲು ಒಂದು ಉಪಾಯವೇ ಹೊರತು, ಅದರಿಂದ ಭೇದವೇನೂ ಸಿದ್ಧವಾಗುವುದಿಲ್ಲ ಎಂದಿದ್ದಾರೆ. ಇದು ದೊಡ್ಡ ಮಾತು. ಆತ್ಮದಿಂದ ಆಕಾಶ, ಆಕಾಶದಿಂದ ವಾಯು, ವಾಯುವಿನಿಂದ ಅಗ್ನಿ, ಅಗ್ನಿಯಿಂದ ನೀರು, ನೀರಿನಿಂದ ಭೂಮಿ ಎಂದು ತೈತ್ತಿರೀಯ ಹೇಳುವುದನ್ನು ವರದಿಯಂತೆ ಓದಬೇಡಿ. ಭೂಮಿಯಿಂದ ಹಿಡಿದು ಮೆಟ್ಟಿಲಿಳಿದು ಆತ್ಮಕ್ಕೆ ಹಿಂದಿರುಗಲು ಬಳಸಿ ಎಂದು ಅದರ ಅರ್ಥ.

ಹಾಗಿದ್ದರೆ ವಿದ್ಯಾಶಂಕರ ದೇವಾಲಯದಲ್ಲಿ ರಾಶಿಸ್ತಂಭಗಳು ಏಕಿವೆ? ತುಂಗೆಯ ದಂಡೆಯಲ್ಲಿ, 14ನೇ ಶತಮಾನದಲ್ಲಿ, ವಿದ್ಯಾತೀರ್ಥ ಗುರುಗಳ ನೆನಪಿಗೆ ಎದ್ದ ಗುಡಿ ಅದು. ಮುಂದಿನ ಮಂಟಪದಲ್ಲಿ 12 ಕಂಬಗಳು, ಮೇಷದಿಂದ ಮೀನದವರೆಗೆ ಒಂದೊಂದರಲ್ಲಿ ಒಂದು ರಾಶಿಯ ಚಿಹ್ನೆ. ಸೂರ್ಯ ಯಾವ ರಾಶಿಯಲ್ಲಿದ್ದಾನೋ ಆ ತಿಂಗಳು ಆ ಕಂಬದ ಮೇಲೆ ಬೆಳಗಿನ ಕಿರಣ ಬೀಳುವಂತೆ ಇವನ್ನು ನಿಲ್ಲಿಸಿದ್ದಾರೆ ಎಂಬುದು ಪರಂಪರೆಯ ಮಾತು. ನೆಲದ ಮೇಲೆ ನೆರಳಿನ ದಿಕ್ಕು ಗುರುತಿಸಲು ಗೆರೆಗಳುಳ್ಳ ಒಂದು ವೃತ್ತವೂ ಇದೆ. ಕಂಬಗಳ ಮುಂಭಾಗದಲ್ಲಿ ಎದ್ದು ನಿಂತ ಸಿಂಹಮುಖದ ಪ್ರಾಣಿಗಳ ಬಾಯಲ್ಲಿ ಕಲ್ಲಿನ ಗುಂಡುಗಳಿವೆ. ಬೆರಳಿನಿಂದ ಉರುಳಿಸಬಹುದು, ಹೊರತೆಗೆಯಲಾಗದು. ಮಕ್ಕಳು ಅದನ್ನೇ ನೋಡಿ ಸಂತೋಷಪಡುತ್ತಾರೆ. ದೊಡ್ಡವರು ಕಂಬದಿಂದ ಕಂಬಕ್ಕೆ ಸರಿಯುವ ಬಿಸಿಲನ್ನು ಕುರಿತು ಯೋಚಿಸಬಹುದು. ಅದ್ವೈತದ ಪೀಠದಲ್ಲಿ ಸೂರ್ಯನ ನಡೆಯನ್ನು ತಿಂಗಳು ತಿಂಗಳೂ ಹಿಂಬಾಲಿಸುವ ಈ ಏರ್ಪಾಡು ವಿರೋಧಾಭಾಸವಲ್ಲ. ಹಗ್ಗವನ್ನು ಹಾವೆಂದು ಕಂಡವನಿಗೆ ಹಗ್ಗ ತಿಳಿಯಬೇಕಾದರೆ ಅವನು ಹಾವು ಕಂಡ ಜಾಗವನ್ನೇ ದೀಪ ಹಿಡಿದು ನೋಡಬೇಕು, ಮುಖ ತಿರುಗಿಸಿ ಹೋದರೆ ಜೀವಮಾನವೆಲ್ಲ ಹಾವೇ ಉಳಿಯುತ್ತದೆ. ಮಿಥ್ಯೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ವ್ಯವಹಾರದಲ್ಲಿ ಜಗತ್ತು ಸತ್ಯ, ಸೂರ್ಯ ಸತ್ಯ, ತುಂಗೆಯ ನೀರು ಸತ್ಯ. ಅವಕ್ಕೆ ತಮ್ಮಷ್ಟಕ್ಕೆ ತಾವೇ ಇರುವ ಬಲವಿಲ್ಲ ಎಂಬುದಷ್ಟೇ ಅದ್ವೈತದ ತಕರಾರು.

ಬೇಲೂರಿನ ಗುಡಿಯಲ್ಲಿರುವ ಶಾಸನದ ಒಂದು ಶ್ಲೋಕ ನಮ್ಮ ಕಡೆಯ ಭಾಷಣಗಳಲ್ಲಿ ಆಗಾಗ ಕೇಳಿಬರುತ್ತದೆ. ಯಾರನ್ನು ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮವೆಂದು, ಬೌದ್ಧರು ಬುದ್ಧನೆಂದು, ನೈಯಾಯಿಕರು ಕರ್ತನೆಂದು, ಜೈನರು ಅರ್ಹಂತನೆಂದು, ಮೀಮಾಂಸಕರು ಕರ್ಮವೆಂದು ಉಪಾಸಿಸುತ್ತಾರೋ, ಆ ಕೇಶವ ನಮಗೆ ಬೇಡಿದ್ದನ್ನು ಕೊಡಲಿ ಎಂದು ಅದರ ಅರ್ಥ. ಅದರ ಔದಾರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೂ ಅದನ್ನು ಉದ್ಧರಿಸಿ, ನೋಡಿ ಎಲ್ಲರೂ ಹೇಳುವುದು ಒಂದನ್ನೇ ಎಂದು ಮುಗಿಸುವವರೊಂದಿಗೆ ನನಗೆ ಸಮ್ಮತಿಯಿಲ್ಲ. ಜಿನಸೇನರ ಎದುರು ಕುಳಿತು, ನಿಮ್ಮ ಅರ್ಹಂತನೂ ನೈಯಾಯಿಕರ ಕರ್ತನೂ ಒಂದೇ ಎಂದು ಹೇಳಿದ್ದರೆ ಅವರು ಖಂಡಿತ ಒಪ್ಪುತ್ತಿರಲಿಲ್ಲ. ಮೀಮಾಂಸಕನೂ ಒಪ್ಪುತ್ತಿರಲಿಲ್ಲ. ಭಿನ್ನಾಭಿಪ್ರಾಯವನ್ನು ಅಳಿಸಿ ತೋರಿಸುವ ಗೌರವ ಅರ್ಧ ಗೌರವ. ವಿದ್ಯಾರಣ್ಯರ ಹೆಸರಿನೊಂದಿಗೆ ಬಂದಿರುವ ಸರ್ವದರ್ಶನಸಂಗ್ರಹ ಹಿಡಿದ ದಾರಿ ನನಗೆ ಹೆಚ್ಚು ಇಷ್ಟ: ಚಾರ್ವಾಕರಿಂದ ಆರಂಭಿಸಿ ಬೌದ್ಧ, ಜೈನ, ರಾಮಾನುಜ ದರ್ಶನಗಳನ್ನು ಆಯಾ ದರ್ಶನದವರ ಮಾತಿನಲ್ಲೇ ಮೊದಲು ಸಮರ್ಥವಾಗಿ ನಿಲ್ಲಿಸುತ್ತದೆ. ಇನ್ನು ವಿಷ್ಣುವರ್ಧನನ ರಾಣಿ ಶಾಂತಲೆ ಬೇಲೂರಿನಲ್ಲಿ ಚೆನ್ನಿಗರಾಯನ ಗುಡಿಯನ್ನೂ, 1123ರಲ್ಲಿ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿದಳು. ಅವಳು ಎರಡೂ ಒಂದೇ ಎಂದುಕೊಂಡಳೋ, ಎರಡೂ ಬೇರೆ ಎಂದು ತಿಳಿದೇ ಎರಡಕ್ಕೂ ಕೈಮುಗಿದಳೋ! ಎರಡನೆಯದೇ ಆಗಿರಲಿ ಎಂದು ನನ್ನ ಆಸೆ.

ಆದಿಯಿದೆಯೇ ಇಲ್ಲವೇ ಎಂಬ ಪ್ರಶ್ನೆ ನಮ್ಮ ಸೀಮೆಯದು ಮಾತ್ರವೂ ಅಲ್ಲ. ಗೊರೂರು ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲ ಬಂದರೆ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಚರ್ಚಿನಲ್ಲಿ ಹಿಂದೆ ಓದುತ್ತಿದ್ದ ಬೈಬಲ್‌ನ ಮೊದಲ ಅಧ್ಯಾಯದಲ್ಲಿ ಸೂರ್ಯ ಚಂದ್ರರ ಹೆಸರೇ ಇಲ್ಲ, ದೊಡ್ಡ ಬೆಳಕು, ಚಿಕ್ಕ ಬೆಳಕು ಎಂದಷ್ಟೇ ಇದೆ. ಸುತ್ತಲಿನ ಜನ ದೇವರೆಂದು ಪೂಜಿಸುತ್ತಿದ್ದವುಗಳನ್ನು ಆ ಗ್ರಂಥ ದೇವರು ಹಚ್ಚಿಟ್ಟ ದೀಪಗಳನ್ನಾಗಿ ಮಾಡಿತು. ಅಲ್ಲಿ ಸೃಷ್ಟಿ ದೇವರ ಶರೀರವಲ್ಲ, ದೇವರ ಕೃತಿ. ಪವಿತ್ರವಾದರೂ ಪೂಜೆಗೆ ಅರ್ಹವಲ್ಲ. ಕುರಾನ್ ಆಕಾಶ ಭೂಮಿಗಳ ರಚನೆಯನ್ನೂ ರಾತ್ರಿ ಹಗಲುಗಳ ಸರದಿಯನ್ನೂ ವಿವೇಕಿಗಳಿಗೆ ಇಟ್ಟ ಕುರುಹುಗಳೆನ್ನುತ್ತದೆ. ಜಗತ್ತು ಅನಾದಿ ಎಂಬ ತತ್ತ್ವಜ್ಞಾನಿಗಳ ವಾದವನ್ನು ಬಲವಾಗಿ ಖಂಡಿಸಿದ ಅಲ್ ಗಝಾಲಿ ತೀರಿಕೊಂಡದ್ದು 1111ರಲ್ಲಿ, ಬೇಲೂರಿನ ಪ್ರತಿಷ್ಠೆಗೆ ಆರು ವರ್ಷ ಮೊದಲು. ಥಾಮಸ್ ಅಕ್ವಿನಾಸ್ ಮುಂದಿನ ಶತಮಾನದಲ್ಲಿ ಇನ್ನೂ ಸೂಕ್ಷ್ಮವಾದ ನಿಲುವಿಗೆ ಬಂದ: ಜಗತ್ತಿಗೆ ಆರಂಭವಿದೆಯೆಂದು ತಾನು ನಂಬುವುದು ಶ್ರದ್ಧೆಯಿಂದ, ಯುಕ್ತಿಯಿಂದ ಅದನ್ನು ಸಾಧಿಸಲಾಗದು.

ಈ ಕಾಲದಲ್ಲಿ ಆಕಾಶದ ಮಾತು ಬಂದರೆ ಹಾಸನಕ್ಕೆ ಇನ್ನೊಂದು ಗುರುತಿದೆ. ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರ, ಎಂಸಿಎಫ್ ಎಂದು ನಾವು ಕರೆಯುವುದು, 1982ರಿಂದ ಇಲ್ಲಿದೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ನೋಡುವವರಿಗೆ ಧ್ರುವನಂತೆ ಒಂದೇ ಕಡೆ ನಿಂತಿರುವ ಉಪಗ್ರಹಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಾರೆ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ವಿಷುವತ್ತಿನ ಆಸುಪಾಸಿನಲ್ಲಿ ತಿಂಗಳೊಪ್ಪತ್ತಿಗೂ ಹೆಚ್ಚು ಕಾಲ ಈ ಉಪಗ್ರಹಗಳು ದಿನಕ್ಕೊಮ್ಮೆ ಭೂಮಿಯ ನೆರಳಿಗೆ ಸಿಕ್ಕುತ್ತವೆ, ಹೆಚ್ಚೆಂದರೆ 72 ನಿಮಿಷ. ಆಗ ಅವು ಬ್ಯಾಟರಿಯ ಮೇಲೆ ನಡೆಯಬೇಕು. ಶೃಂಗೇರಿಯ ಕಂಬ ನಿಲ್ಲಿಸಿದವರಿಗೆ ಇದ್ದ ಹಾಗೆಯೇ ಉಪಗ್ರಹ ನಡೆಸುವವರಿಗೂ ಸೂರ್ಯ ಎಲ್ಲಿದ್ದಾನೆಂಬ ಚಿಂತೆ ತಪ್ಪಿಲ್ಲ. ರೈತರಿಗಂತೂ ಅದು ದಿನದ ಮಾತು. ಕಾಫಿಗೆ ಹೂಮಳೆಯಾದ ಮೇಲೆ ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ ಎಂದು ಸೂರ್ಯ ದಾಟುವ ನಕ್ಷತ್ರಗಳ ಹೆಸರಿನಲ್ಲೇ ಮಳೆಯನ್ನು ಕರೆಯುತ್ತೇವೆ. ಸೂರ್ಯ ಆ ನಕ್ಷತ್ರದಲ್ಲಿರುವಾಗ ನಕ್ಷತ್ರ ಹಗಲಿನ ಬೆಳಕಿನಲ್ಲಿ ಮುಚ್ಚಿಹೋಗಿರುತ್ತದೆ; ಕಣ್ಣಿಗೆ ಬೀಳದ ಚುಕ್ಕಿಯ ಹೆಸರು ಹಿಡಿದು ಭತ್ತ ಬಿತ್ತುವಷ್ಟು ನಂಬಿಕೆ ಆ ಲೆಕ್ಕದ ಮೇಲೆ ನಮಗಿದೆ. ಆದರೆ ಕಾಣುವ ಕಾಲದಲ್ಲಾದರೂ ನಾವು ನೋಡುತ್ತಿದ್ದೇವೆಯೇ? ತಮ್ಮ ಜನ್ಮನಕ್ಷತ್ರ ರೋಹಿಣಿ ಎಂದು ಪ್ರತಿ ಅರ್ಚನೆಯಲ್ಲೂ ಹೇಳಿಸುವವರಲ್ಲಿ ರೋಹಿಣಿಯನ್ನು ಆಕಾಶದಲ್ಲಿ ಗುರುತಿಸಬಲ್ಲವರು ನನಗೆ ಸಿಗುವುದು ಅಪರೂಪ. ಪುಷ್ಯ ಮಾಸದ ರಾತ್ರಿ ಒಂಬತ್ತರ ಹೊತ್ತಿಗೆ ಅದು ನೆತ್ತಿಯ ಹತ್ತಿರವೇ ಇರುತ್ತದೆ, ಕೃತ್ತಿಕೆಯ ಗೊಂಚಲಿನಿಂದ ತುಸು ಪೂರ್ವಕ್ಕೆ, ಕೆಂಪಗೆ. ನೆರೆಮನೆಯ ಹುಡುಗಿಗೆ ಅದನ್ನು ತೋರಿಸಿ, ನಿನ್ನ ನಕ್ಷತ್ರ ಅದೇ ಪುಟ್ಟಿ ಎಂದಾಗ ಅವಳು ‘ಅದು ನಂದಾ ಅಂಕಲ್?’ ಎಂದು ಕೇಳಿದಳು. ಮೂರು ದರ್ಶನಗಳೂ ತಲೆ ಕೆಡಿಸಿಕೊಂಡದ್ದು ಇದೇ ಪ್ರಶ್ನೆಗೆ. ನಾನು ಏನೂ ಉತ್ತರ ಹೇಳದೆ ಅದರ ಬೆಳಕು ಇಲ್ಲಿಗೆ ಬರಲು 65 ವರ್ಷ ಬೇಕು ಎಂದಷ್ಟೇ ಹೇಳಿದೆ.

ಆಧುನಿಕ ವಿಶ್ವವಿಜ್ಞಾನ ಈ ಪ್ರಶ್ನೆಯನ್ನು ತೀರಿಸಿಬಿಟ್ಟಿದೆ ಎಂದು ಎರಡು ಬಗೆಯ ಜನ ನಂಬುತ್ತಾರೆ. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ ಎಂದು ಗೊತ್ತಾದ ಮೇಲೆ ದೇವರ ಮಾತು ಏಕೆ ಎನ್ನುವವರು ಒಂದು ಬಗೆ. ಇದೆಲ್ಲ ನಮ್ಮ ಹಿಂದಿನವರಿಗೆ ಗೊತ್ತಿತ್ತು ಎನ್ನುವವರು ಇನ್ನೊಂದು. ಎರಡನೆಯವರು ಬ್ರಹ್ಮನ ಒಂದು ಹಗಲಿನ ಲೆಕ್ಕವಾದ 432 ಕೋಟಿ ವರ್ಷವನ್ನೂ ಭೂಮಿಯ ವಯಸ್ಸಾದ ಸುಮಾರು 454 ಕೋಟಿ ವರ್ಷವನ್ನೂ ಪಕ್ಕಪಕ್ಕ ಇಟ್ಟು ಹೆಮ್ಮೆ ಪಡುತ್ತಾರೆ. ಕಲ್ಪದ ಲೆಕ್ಕ ಶಿಲೆಗಳ ವಿಕಿರಣ ಅಳೆದು ಬಂದದ್ದಲ್ಲ, 4,32,000 ವರ್ಷದ ಕಲಿಯುಗವನ್ನು ಹತ್ತರಿಂದ, ಮತ್ತೆ ಸಾವಿರದಿಂದ ಗುಣಿಸಿ ಬಂದದ್ದು. ಅದರ ಹಿರಿಮೆ ಬೇರೆಯೇ ಇದೆ, ಅದಕ್ಕೆ ಎರವಲು ಮರ್ಯಾದೆ ಬೇಕಾಗಿಲ್ಲ. ಈ ವಿಷಯದಲ್ಲಿ ನನಗೆ ಆದರ್ಶವೆನಿಸುವವರು ಜಾರ್ಜ್ ಲೆಮೈತ್ರ್. ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿಯೂ ಗಣಿತಜ್ಞರೂ ಆಗಿದ್ದ ಅವರು ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದರು, 1931ರಲ್ಲಿ ಎಲ್ಲವೂ ಒಂದು ಆದಿಕಣದಿಂದ ಹೊರಟಿತೆಂದು ಸೂಚಿಸಿದರು. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಈ ವಿಜ್ಞಾನವನ್ನು ದೇವರ ಸೃಷ್ಟಿಗೆ ಸಾಕ್ಷಿಯೆಂಬಂತೆ ಮಾತನಾಡಿದಾಗ ಲೆಮೈತ್ರ್ ಸಂತೋಷಪಡಲಿಲ್ಲ, ಕಳವಳಪಟ್ಟರು. ತಮ್ಮ ಸಿದ್ಧಾಂತ ಆ ಪ್ರಶ್ನೆಯ ಆಚೆ ಉಳಿಯುತ್ತದೆ, ದೇವರಿದ್ದಾನೆ ಎನ್ನುವವನಿಗೂ ಇಲ್ಲ ಎನ್ನುವವನಿಗೂ ಅದು ಒಂದೇ ಎಂಬುದು ಅವರ ನಿಲುವು. ನಂಬಿಕೆ ಗಟ್ಟಿಯಾಗಿದ್ದವರು ಮಾತ್ರ ಹೀಗೆ ನಂಬಿಕೆಗೆ ಊರುಗೋಲು ಬೇಡವೆನ್ನಬಲ್ಲರು.

ನನ್ನ ಮಟ್ಟಿಗೆ ಹೇಳುವುದಾದರೆ, ಕೇಶವನನ್ನು ಪೂಜಿಸುವ ಮನೆಯಲ್ಲಿ ಹುಟ್ಟಿದವನು ನಾನು. ಆದರೆ ಕರ್ತನ ಪ್ರಶ್ನೆಯಲ್ಲಿ ನನ್ನ ಬುದ್ಧಿ ವಾಲುವುದು ಬೆಳಗೊಳದ ಕಡೆಗೆ. ಜಿನಸೇನರ ಪ್ರಶ್ನೆಗಳಿಗೆ ನನಗೆ ಸಮಾಧಾನವಾಗುವ ಉತ್ತರ ಇದುವರೆಗೂ ಸಿಕ್ಕಿಲ್ಲ. ಹಾಗಿದ್ದೂ ಮನೆಯಲ್ಲಿ ಪೂಜೆಗೆ ಕುಳಿತಾಗ ಸಂಕಲ್ಪವನ್ನು ನಾನು ಮನಸ್ಸಿಟ್ಟು ಹೇಳುತ್ತೇನೆ. ಅಂಗೈಯಲ್ಲಿ ಅಕ್ಷತೆ ಹಿಡಿದು, ಕೆಳಗೆ ಎಡಗೈ ಕೊಟ್ಟು ಬಲತೊಡೆಯ ಮೇಲಿಟ್ಟುಕೊಂಡು, ಪುರೋಹಿತರು ಹೇಳಿಕೊಟ್ಟಂತೆ ಹೇಳುತ್ತ ಹೋದರೆ ಅದು ಶುರುವಾಗುವುದು ಬ್ರಹ್ಮನ ಆಯುಸ್ಸಿನ ಎರಡನೆಯ ಅರ್ಧದಿಂದ. ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗ, ಅದರ ಮೊದಲ ಪಾದ. ಜಂಬೂದ್ವೀಪ, ಭರತವರ್ಷ, ಗೋದಾವರಿಯ ದಕ್ಷಿಣ ತೀರ. ಆಮೇಲೆ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ಇಷ್ಟೆಲ್ಲ ಆದ ಮೇಲೆ ಕೊನೆಗೆ ಗೋತ್ರ, ನಕ್ಷತ್ರ, ರಾಶಿ, ಹೆಸರು. ಜಂಬೂದ್ವೀಪವೂ ಭರತಕ್ಷೇತ್ರವೂ ತ್ರಿಲೋಕಸಾರದ ಲೋಕದಲ್ಲೂ ಇವೆ. ಕರ್ತನ ವಿಷಯದಲ್ಲಿ ಜಗಳವಾಡಿದವರು ಊರಿನ ವಿಳಾಸವನ್ನು ಮಾತ್ರ ಹಂಚಿಕೊಂಡರು. ಒಂದು ತೆಂಗಿನಕಾಯಿ ಒಡೆಯುವ ಮೊದಲು ಮನುಷ್ಯ ತಾನು ಯಾವ ಕಾಲದ ಯಾವ ಮೂಲೆಯಲ್ಲಿ ಕುಳಿತಿದ್ದೇನೆಂದು ಪೂರ್ತಿ ಹೇಳಬೇಕು ಎಂಬ ಕಟ್ಟಳೆಯನ್ನು ಯಾರು ಮಾಡಿದರೋ ಅವರಿಗೆ ನಾನು ಋಣಿ. ಅದನ್ನು ಹೇಳುವುದಕ್ಕೆ ಲೋಕವನ್ನು ಯಾರೋ ಮಾಡಿದರೆಂದು ಒಪ್ಪಬೇಕಾಗಿಲ್ಲ, ನಾನು ಮಾಡಿಲ್ಲ ಎಂದು ಒಪ್ಪಿದರೆ ಸಾಕು. ಪುರೋಹಿತರು ಎಲ್ಲಾದರೂ ಅವಸರದಲ್ಲಿ ಕಲ್ಪ, ಮನ್ವಂತರಗಳನ್ನು ಬಿಟ್ಟು ನೇರವಾಗಿ ಸಂವತ್ಸರಕ್ಕೆ ಬಂದರೆ, ‘ಸ್ವಾಮಿ, ಮೊದಲಿನಿಂದ ಹೇಳಿಸಿ’ ಎಂದು ಕೇಳಿಕೊಳ್ಳುತ್ತೇನೆ.